ಗ್ರೀಸಿನ ದೇವಿಗೆ ಉಡಿ

ನಮ್ಮ ಇತಿಹಾಸದ ಮಾಸ್ತರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಬೆಳ್ಳಗೇ ಇರುತ್ತಿತ್ತು. ಸೀಮೆಸುಣ್ಣಕ್ಕೆ ನಮ್ಮ ಸೊಲ್ಲಾಪುರದ ಕಡೆ ಖಡು ಅನ್ನುತ್ತಾರೆ. ಆ ಖಡು ವರ್ಷಗಟ್ಟಲೆ ಉಗುರಿನ ಸಂದಿಯಲ್ಲಿ ಕೂತು ಅಲ್ಲೇ ಮನೆ ಮಾಡಿಬಿಟ್ಟಿತ್ತು. ಊಟಕ್ಕೆ ಮುಂಚೆ ತಿಕ್ಕಿ ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ. ಹೊಸಬರು ಯಾರಾದರೂ ಅದೇನು ರೋಗವೆಂದು ಕೇಳಿದರೆ, "ಹೌದ್ರಿ, ಸಾಲಿ ರೋಗ. ಪೆನ್ಶನ್ ಆದ ಮ್ಯಾಲ ಹೋಗತದ" ಅನ್ನುತ್ತಿದ್ದರು.

ಮಾಸ್ತರ ಮನೆ ಅಕ್ಕಲಕೋಟೆಯಲ್ಲಿ, ಶಾಲೆ ಸೊಲ್ಲಾಪುರದಲ್ಲಿ ನವಿ ಪೇಠದ ಹಿಂದಿನ ಗಲ್ಲಿಯಲ್ಲಿ. ದಿನಾ ಎಸ್.ಟಿ. ಬಸ್ಸಿನಲ್ಲಿ ಹೋಗಿಬರುವುದು. ನಮ್ಮೂರು ವಳಸಂಗ ಆ ಹಾದಿಯಲ್ಲೇ ಬರುತ್ತಿತ್ತು. ಕನ್ನಡದಲ್ಲಿ ಪಾಠ ಹೇಳಿ, ಹಿಂದಿನ ಬೆಂಚಿನವರ ಮುಖ ನೋಡಿ, ಅದನ್ನೇ ಮರಾಠಿಯಲ್ಲಿ ಇನ್ನೊಮ್ಮೆ ಹೇಳುತ್ತಿದ್ದರು. ಹೀಗಾಗಿ ನಮಗೆ ಪ್ರತಿಯೊಂದು ಯುದ್ಧವೂ ಎರಡೆರಡು ಸಲ ಆಗುತ್ತಿತ್ತು.

ಅವರದೊಂದು ರೂಢಿ ಇತ್ತು. ಪಾಠದಲ್ಲಿ ತಪ್ಪು ಹೇಳಿದ್ದು ಆಮೇಲೆ ಗೊತ್ತಾದರೆ, ಮರುದಿನ ಹಾಜರಿ ಕರೆಯುವ ಮೊದಲು ಆ ತಪ್ಪು ವಾಕ್ಯವನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆಯುತ್ತಿದ್ದರು. ಅದರ ಮೇಲೆ ಅಡ್ಡಗೆರೆ ಎಳೆದು ಕೆಳಗೆ ಸರಿಯಾದದ್ದನ್ನು ಬರೆದು, "ನಿನ್ನಿ ನಾ ತಪ್ಪ ಹೇಳೀನಿ. ತಿದ್ದಕೋರಿ" ಅನ್ನುತ್ತಿದ್ದರು. ಒಮ್ಮೆ ಶನಿವಾರ ಶಾಲೆ ಬಿಟ್ಟ ಮೇಲೆ ಅವರಿಗೆ ಯಾವುದೋ ಇಸವಿ ತಪ್ಪಿದ್ದು ನೆನಪಾಗಿದೆ. ಸೋಮವಾರ ಪರೀಕ್ಷೆ. ಮನೆಗೆ ಹೋಗುವ ದಾರಿಯಲ್ಲಿ ವಳಸಂಗದಲ್ಲಿ ಬಸ್ಸಿಳಿದು, ನಮ್ಮ ಮನೆ ಹುಡುಕಿ ಬಂದು, ನಮ್ಮಪ್ಪನ ಎದುರಿಗೆ ನನ್ನ ವಹಿಯಲ್ಲಿ ತಾವೇ ಇಸವಿ ತಿದ್ದಿದರು. ಆಮೇಲೆ ಊರಲ್ಲಿದ್ದ ಇನ್ನಿಬ್ಬರು ಹುಡುಗರ ಮನೆಗೂ ಹೋದರು. ಇದಕ್ಕೋಸ್ಕರ ಬಂದಿರೇನ್ರಿ ಎಂದು ನಮ್ಮಪ್ಪ ಬೆರಗಾಗಿ ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ತಪ್ಪ ಹೇಳೋದು ಎಲ್ಲಾರಿಗೂ ಆಗತದ್ರಿ. ಗೊತ್ತಾದ ಮ್ಯಾಲ ಹಂಗ ಬಿಡಬಾರದು."

ಇಂಥ ಮಾಸ್ತರು ಒಂದು ತಪ್ಪನ್ನು ಇಪ್ಪತ್ತಾರು ವರ್ಷ ಕಲಿಸಿದರು.

ಗ್ರೀಸಿನ ಪಾಠವೆಂದರೆ ಅವರಿಗೆ ಹಬ್ಬ. ಗುಡ್ಡ, ಗುಡ್ಡದ ಮೇಲೆ ಎಂಟು ಕಂಬದ ಗುಡಿ, ಅಳತೆಪಟ್ಟಿ ಇಲ್ಲದೆ ಹಲಗೆಯ ಮೇಲೆ ಕೈಯಿಂದಲೇ ಬರೆಯುತ್ತಿದ್ದರು. ಪುಸ್ತಕದಲ್ಲಿ ಇದ್ದದ್ದು ಅಥೆನ್ಸ್ ನಗರದಲ್ಲಿ ಅಥೀನಾ ದೇವಿಯ ಗುಡಿ ಇದೆ ಎಂಬ ಒಂದೇ ಸಾಲು. ಉಳಿದದ್ದನ್ನು ಮಾಸ್ತರೇ ಸೇರಿಸುತ್ತಿದ್ದರು. ಗುಡ್ಡದ ಬುಡಕ್ಕೆ ಚಪ್ಪಲಿ ಬಿಟ್ಟು ಜನ ಹತ್ತುತ್ತಾರೆ. ಒಳಗೆ ದೇವಿ ಇದ್ದಾಳೆ. ಇವತ್ತಿಗೂ ಎರಡು ಹೊತ್ತು ಪೂಜೆ ಆಗುತ್ತದೆ. ಅವರೇನು ಸುಳ್ಳು ಕಟ್ಟಿದ್ದಲ್ಲ. ಅಕ್ಕಲಕೋಟೆಯಲ್ಲಿ ಹುಟ್ಟಿ ಬೆಳೆದವರಿಗೆ ಗುಡಿ ಅಂದ ಮೇಲೆ ಒಳಗೆ ದೇವರಿದ್ದಾನೆಯೇ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ನಾವೂ ಪರೀಕ್ಷೆಯಲ್ಲಿ ಎರಡು ಹೊತ್ತು ಪೂಜೆ ಎಂದು ಬರೆದೆವು, ಅವರೂ ಸರಿ ಹಾಕಿದರು.

ಎಪ್ಪತ್ತರ ದಶಕದಲ್ಲಿ ನನಗೆ ಅಥೆನ್ಸಿನ ಬಂದರಿನಲ್ಲಿ, ಹಡಗು ರಿಪೇರಿ ಮಾಡುವ ಕಡೆ ಕೆಲಸ ಸಿಕ್ಕಿತು. ಹೋದ ಮೊದಲನೇ ರವಿವಾರವೇ ಗುಡ್ಡ ಹತ್ತಿದೆ. ಮುಂಭಾಗಕ್ಕೆ ಎಂಟು ಕಂಬ ಇದ್ದವು, ಮಾಸ್ತರು ಬರೆದ ಹಾಗೆಯೇ. ಮೇಲೆ ಮಾಳಿಗೆ ಇರಲಿಲ್ಲ, ಒಳಗೆ ಏನೂ ಇರಲಿಲ್ಲ. ಅಲ್ಲೇ ನಿಂತು, ಮಾಸ್ತರನ್ನು ಇಲ್ಲಿಗೆ ಒಮ್ಮೆ ಕರೆಸಬೇಕು ಅಂದುಕೊಂಡೆ. ಕರೆಸಲಿಕ್ಕೆ ಎರಡು ವರ್ಷ ಹಿಡಿಯಿತು. ಪತ್ರದಲ್ಲಿ ಮಾತ್ರ ಗುಡಿ ಖಾಲಿ ಇದೆ ಎಂದು ಬರೆಯಲಿಲ್ಲ. ಮಾಸ್ತರನ್ನು ನಾನು ಹೇಗೆ ತಿದ್ದಲಿ?

ಅವರು ಮೇ ತಿಂಗಳ ರಜೆಯಲ್ಲಿ ಬಂದರು. ಧೋತರ, ಕೋಟು, ಕರಿ ಟೊಪ್ಪಿಗೆ. ಒಂದು ಚೀಲದ ತುಂಬ ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಇನ್ನೊಂದು ಸಣ್ಣ ಚೀಲವನ್ನು ವಿಮಾನದಲ್ಲಿ ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದರು. ಅದರಲ್ಲಿ ತೆಂಗಿನಕಾಯಿ, ಅಕ್ಕಿ, ಅರಿಶಿನದ ಕೊಂಬು, ಅಡಿಕೆ, ಕುಂಕುಮದ ಪುಡಿಕೆ, ನವಿ ಪೇಠದಲ್ಲಿ ಆರಿಸಿ ತಂದ ಹಸಿರು ಕುಬಸದ ಖಣ.

ಕಾಕು ಕೊಟ್ಟು ಕಳಿಸಿದ್ದಾರೆ ಅಂದರು. ಮಾಸ್ತರ ಹೆಂಡತಿಗೆ ನಾವೆಲ್ಲ ಕಾಕು ಅನ್ನುತ್ತಿದ್ದೆವು. ಆಕೆ ವರ್ಷಕ್ಕೊಮ್ಮೆ ತುಳಜಾಪುರಕ್ಕೆ ಹೋಗಿ ಅಲ್ಲಿಯ ದೇವಿಗೆ ಉಡಿ ತುಂಬಿ, ಅಂದರೆ ಮಡಿಲಕ್ಕಿ ಒಪ್ಪಿಸಿ, ಬರುವವರು. ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪಿಸಿದವರಲ್ಲ. ಈ ಸಲ, ಅಷ್ಟು ದೂರದ ದೇವಿಯ ಕಡೆ ಹೊರಟಿದ್ದೀರಿ, ಈ ವರ್ಷದ ಉಡಿ ಆಕೆಗೇ ಮುಟ್ಟಲಿ ಎಂದು ಕಟ್ಟಿಕೊಟ್ಟಿದ್ದರು. ಗುಡಿ ಖಾಲಿ ಇದೆ ಎಂದು ಹೇಳಬೇಕಾದ ಹೊತ್ತು ಅದೇ ಆಗಿತ್ತು. ಹೇಳಲಿಲ್ಲ.

ಮರುದಿನ ಗುಡ್ಡದ ಬುಡದಲ್ಲಿ ಮಾಸ್ತರು ಚಪ್ಪಲಿ ಬಿಟ್ಟರು. ನನ್ನ ಬೂಟಿನ ಕಡೆ ನೋಡಿದರು, ನಾನೂ ಬಿಟ್ಟೆ. ಅಮೃತಶಿಲೆಯ ಕಲ್ಲು ಕಾಲು ಸುಡುತ್ತಿತ್ತು. ನಾನು ಜಿಗಿದಾಡಿದರೆ ಅವರು, "ಸೊಲ್ಲಾಪುರದ ಬಿಸಲಾಗ ಬೆಳದಾಂವ ನೀ, ನಡಿ" ಎಂದು ಮುಂದೆ ಹೊರಟರು. ಮೇಲೆ ಮುಟ್ಟಿದ ಮೇಲೆ ಗುಡಿಯನ್ನು ಬಲಕ್ಕಿಟ್ಟುಕೊಂಡು ಒಂದು ಪ್ರದಕ್ಷಿಣೆ ಹಾಕಿದರು. ಕಂಬಗಳನ್ನು ಎಣಿಸಿದರು. ಒಳಗೆ ಬಿಡದ ಹಾಗೆ ಹಗ್ಗ ಕಟ್ಟಿದ್ದರಿಂದ ಹೊರಗೇ ನಿಂತು, ಟೊಪ್ಪಿಗೆ ತೆಗೆದು, ಬಗ್ಗಿ ನೋಡಿದರು. ಆಚೆ ಕಡೆಯ ಆಕಾಶ ಕಾಣುತ್ತಿತ್ತು.

"ದೇವಿ ಎಲ್ಲಿ?"

"ಇಲ್ಲರಿ ಮಾಸ್ತರ."

"ಯಾವಾಗಿಂದ ಇಲ್ಲ?"

"ಭಾಳ ಹಳೇ ಮಾತಂತ್ರಿ. ನೂರಾರು ವರ್ಷ ಆತಂತ."

ಮಾಸ್ತರು, "ಇಪ್ಪತ್ತಾರು ವರ್ಷ ನಾ ಇಲ್ಲಿ ಎರಡು ಹೊತ್ತು ಪೂಜಾ ಮಾಡಿಸೀನಲ್ಲೋ" ಅಂದರು. ಆಮೇಲೆ ನನ್ನ ಕಡೆ ತಿರುಗಿ, ನಿನಗೆ ಇದು ಗೊತ್ತಿತ್ತೇ ಎಂದು ಕೇಳಿದರು. ಗೊತ್ತಿತ್ತು ಅಂದೆ. ಬೈಯಲಿಲ್ಲ. ಕೆಟ್ಟ ಅಕ್ಷರದ ಉತ್ತರಪತ್ರಿಕೆಯನ್ನು ನೋಡಿದ ಹಾಗೆ ನನ್ನನ್ನು ನೋಡಿದರು.

ಆದರೂ ಉಡಿಯ ಚೀಲ ಕೈಯಲ್ಲಿತ್ತಲ್ಲ. ಕಾಯಾದರೂ ಒಡೆದು ಇಡೋಣ ಎಂದು ಒಂದು ಕಲ್ಲಿನ ಮುಂದೆ ಕುಳಿತು ತೆಂಗಿನಕಾಯಿ ಎತ್ತಿದರು. ಅಷ್ಟರಲ್ಲಿ ಕಾವಲುಗಾರ ಸೀಟಿ ಊದುತ್ತ ಓಡಿ ಬಂದ. ನಲವತ್ತರ ಆಸುಪಾಸಿನ, ದಪ್ಪ ಮೀಸೆಯ ಮನುಷ್ಯ. ನನಗೆ ಬರುತ್ತಿದ್ದ ಹರಕು ಮುರಕು ಗ್ರೀಕ್ ಭಾಷೆಯಲ್ಲಿ ಹೇಳಿದೆ: ಇವರು ನನ್ನ ಗುರುಗಳು, ಇವರ ಹೆಂಡತಿ ನಿಮ್ಮ ದೇವಿಗೆ ಸೀರೆ ಸಾಮಾನಿನ ಹಾಗೆ ಒಂದು ಕಾಣಿಕೆ ಕಳಿಸಿದ್ದಾರೆ. ಆತ ಮಾಸ್ತರ ಬರಿಗಾಲು ನೋಡಿದ, ಕಾಯಿ ನೋಡಿದ. ಬಹಳ ತಡಮಾಡಿ ಬಂದಿರಿ ಎಂದು ನಿಮ್ಮ ಗುರುಗಳಿಗೆ ಹೇಳು ಅಂದ. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಮಾಸ್ತರು ಆ ದಿನ ಮೊದಲ ಸಲ ನಕ್ಕರು. ತನ್ನ ಪಾಳಿ ಮುಗಿದ ಮೇಲೆ ಮನೆಗೆ ಬಂದು ಊಟ ಮಾಡಿಕೊಂಡು ಹೋಗಬೇಕೆಂದು ಆತ ಹಟ ಹಿಡಿದ. ಕೆಳಗಿಳಿದು ಬಂದರೆ ನಮ್ಮ ಚಪ್ಪಲಿ, ಬೂಟುಗಳ ಪಕ್ಕದಲ್ಲಿ ಯಾರೋ ಪರದೇಶಿ ಪ್ರವಾಸಿಗರ ಎರಡು ಜೋಡಿ ಬೂಟು ಇದ್ದವು. ನಮ್ಮವನ್ನು ನೋಡಿ, ಇದೇ ಇಲ್ಲಿಯ ಪದ್ಧತಿ ಅಂದುಕೊಂಡಿರಬೇಕು.

ಕಾವಲುಗಾರನ ಮನೆಯಲ್ಲಿ ಆತನ ಹೆಂಡತಿ, ಕರಿ ಬಟ್ಟೆ ತೊಟ್ಟ ಮುದುಕಿ ತಾಯಿ. ಮಾಸ್ತರು ಮಾಂಸ, ಮೀನು, ತತ್ತಿ ಯಾವುದೂ ತಿನ್ನುವುದಿಲ್ಲ ಎಂದು ಹೇಳಿದೆ. ಮುದುಕಿಗೆ ಕೂಡಲೇ ತಿಳಿಯಿತು. ಅವರಲ್ಲಿಯೂ ಉಪವಾಸದ ದಿನ ಅದನ್ನೆಲ್ಲ ಬಿಡುತ್ತಾರೆ. ಉಪವಾಸ ಎಲ್ಲಿಯ ತನಕ ಎಂದು ಕೇಳಿದಳು. ಜೀವ ಇರುವ ತನಕ ಅಂದೆ. ಆಕೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಅಡಿಗೆ ಮನೆಗೆ ಹೋದಳು. ಅಕ್ಕಿ ತುಂಬಿ ಬೇಯಿಸಿದ ಟೊಮ್ಯಾಟೊ ಬಂತು, ಕಡಲೆಕಾಳಿನ ಸಾರು ಬಂತು, ಉಪ್ಪಿನಲ್ಲಿ ಹಾಕಿದ ಆಲಿವ್ ಕಾಯಿ ಬಂತು. ಸಾಕು ಅಂದರೆ ಬಿಡುವವರಲ್ಲ. ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಕೈ ಸರಿಸಿ ಬಡಿಸುತ್ತಿದ್ದರು. "ಇವರು ನಮ್ಮ ಮಂದಿನೇ ಇದ್ದಾರ" ಎಂದು ಮಾಸ್ತರು ಉಣ್ಣುತ್ತ ಹೇಳಿದರು. ನಾವು ಒಯ್ದಿದ್ದ ಕಡಕ್ ರೊಟ್ಟಿಯನ್ನು ಮುದುಕಿ ಎಣ್ಣೆಯಲ್ಲಿ ಅದ್ದಿ ತಿಂದಳು. ಶೇಂಗಾ ಚಟ್ನಿ ತಿಂದ ಕಾವಲುಗಾರ ಕಣ್ಣಲ್ಲಿ ನೀರು ತಂದುಕೊಂಡು ಮತ್ತೆ ಹಾಕಿಸಿಕೊಂಡ.

ಊಟವಾದ ಮೇಲೆ ಮಾಸ್ತರು ಚೀಲ ಬಿಚ್ಚಿದರು. ಈ ಮನೆಯ ಹೆಣ್ಣುಮಗಳಿಗೆ ಉಡಿ ತುಂಬಿಸೋಣ ಅಂದರು. ಗಂಡಸರು ಉಡಿ ತುಂಬುವ ಹಾಗಿಲ್ಲ. ತುಂಬಬೇಕಾದದ್ದು ಮುದುಕಿ. ಆಕೆ ಗಂಡ ಸತ್ತವಳೆಂದು ನಾನು ಮಾಸ್ತರ ಕಿವಿಯಲ್ಲಿ ಹೇಳಿದೆ. ಅವರು ಒಂದು ಗಳಿಗೆ ಯೋಚಿಸಿದರು.

"ಮನಿಗಿ ದೊಡ್ಡಾಕಿ ಅದಾಳ. ಆಕಿನೇ ತುಂಬ್ಲಿ."

ನಾನು ತೋರಿಸಿದ ಹಾಗೆ ಮುದುಕಿ ಸೊಸೆಯ ಹಣೆಗೆ ಕುಂಕುಮ ಇಟ್ಟಳು. ಸೆರಗಿಲ್ಲದ ಸೊಸೆ ಸೊಂಟಕ್ಕೆ ಕಟ್ಟಿದ್ದ ಅಡಿಗೆಯ ಏಪ್ರನ್ನಿನ ಅಂಚು ಎತ್ತಿ ಹಿಡಿದಳು. ಅದರಲ್ಲಿ ಅಕ್ಕಿ, ಕಾಯಿ, ಅರಿಶಿನದ ಕೊಂಬು, ಅಡಿಕೆ, ಹಸಿರು ಖಣ ಬಿದ್ದವು.

ಮುಂದೆ ಹತ್ತು ದಿನ ಬಸ್ಸಿನಲ್ಲಿ ಸುತ್ತಿದೆವು. ಎಪಿಡಾರಸ್ ಎಂಬಲ್ಲಿ ಗುಡ್ಡದ ಮಗ್ಗುಲಲ್ಲಿ ಕಲ್ಲಿನ ಮೆಟ್ಟಿಲುಗಳ ಹಳೆಯ ನಾಟಕದ ಬಯಲಿದೆ. ನಡುವೆ ನಿಂತು ಮೆಲ್ಲಗೆ ಮಾತಾಡಿದರೂ ತುದಿಯ ಮೆಟ್ಟಿಲಿಗೆ ಕೇಳುತ್ತದೆ. ಮಾಸ್ತರು ನನ್ನನ್ನು ತುದಿಗೆ ಕಳಿಸಿ ನಡುವೆ ನಿಂತರು. ನಮ್ಮ ವರ್ಗದ ಹಾಜರಿ ಕರೆಯಲು ಸುರು ಮಾಡಿದರು, ಒಂದು ಹೆಸರೂ ಬಿಡದೆ. ನನ್ನ ಹೆಸರು ಬಂದಾಗ "ಹಾಜರ್" ಅಂದೆ. ಹಾಜರಿ ಮುಗಿಸಿ, ಪಾಠ ಹೇಳುವ ದನಿಯಲ್ಲೇ, "ಗುಡಿಯೊಳಗ ದೇವಿ ಇಲ್ಲ. ಪೂಜಾ ನಡಿಯೂದಿಲ್ಲ. ನಾ ತಪ್ಪ ಹೇಳೀನಿ. ತಿದ್ದಕೋ" ಅಂದರು. ಅಷ್ಟು ಎತ್ತರದಲ್ಲಿ ನನ್ನ ಪಕ್ಕದಲ್ಲೇ ಕೂತು ಹೇಳಿದ ಹಾಗೆ ಕೇಳಿಸಿತು.

ಹೊರಡುವ ದಿನ ಅವರೇ ಮಾತು ತೆಗೆದರು. ಹುಡುಗರಿಗೆಲ್ಲ ಹೇಳಿ ತಿದ್ದಿಸುತ್ತೇನೆ, ಕಾಕುಗೆ ಮಾತ್ರ ಹೇಳುವುದಿಲ್ಲ ಅಂದರು. ಉಡಿ ದೇವಿಗೆ ಮುಟ್ಟಲಿಲ್ಲ ಎಂದರೆ ಈ ವರ್ಷದ್ದು ತಪ್ಪಿತು ಎಂದು ಎದೆಗೆ ಹಚ್ಚಿಕೊಳ್ಳುತ್ತಾಳೆ. ನೀನೂ ಹೇಳಬೇಡ. ಹೇಳಿ ಬೇರೆ ಕಡೆ ನೋಡುತ್ತ, "ಇದೊಂದು ಹಂಗ ಇರ್ಲಿ" ಅಂದರು. ಅವರ ಬಾಯಿಂದ ಆ ಮಾತು ಬಂದದ್ದು ನಾನು ಕೇಳಿದ್ದು ಅದೊಂದೇ ಸಲ.

ಊರಿಗೆ ಹೋದ ಮೇಲೆ ಮಾಸ್ತರು ಹಳೆಯ ಹುಡುಗರನ್ನು ಹುಡುಕಲು ಹೊರಟರು. ಪತ್ರದಲ್ಲಿ ನನಗೆ ವರದಿ ಬರುತ್ತಿತ್ತು. ವಳಸಂಗದವರಿಗೆ ಹೇಳಿ ಮುಗಿಯಿತಂತೆ. ಬೋರಾಮಣಿಯವನು ಹೊಲದಲ್ಲಿದ್ದ, ಅಲ್ಲಿಗೇ ನಡೆದು ಹೋಗಿ ಹೇಳಿದರಂತೆ. ನವಿ ಪೇಠದ ಅರಿವೆ ಅಂಗಡಿಯ ಗಾದಿಯ ಮೇಲೆ ಕೂತಿದ್ದ ಒಬ್ಬ, ಗಿರಾಕಿಗಳ ಎದುರಿಗೇ ಇವರನ್ನು ಕೆಣಕಿದನಂತೆ: "ಮಾಸ್ತರ, ಆವಾಗ ಕೊಟ್ಟ ಮಾರ್ಕ ವಾಪಸ್ ತಗೊಳ್ಳಾಕ ಬಂದೀರೇನ್ರಿ?" ಮಾಸ್ತರು ಹೇಳಿದರಂತೆ: "ಮಾರ್ಕ ನೀ ಇಟಗೋ. ತಪ್ಪ ನಂದು, ಅದನ್ನ ವಾಪಸ್ ಕೊಡು." ತಾನು ಗಾದಿ ಬಿಟ್ಟು ಕೆಳಗಿಳಿದು ಕಾಲಿಗೆ ಬಿದ್ದೆನೆಂದು ಆ ಅಂಗಡಿಯವನೇ ಆಮೇಲೆ ನನಗೆ ಹೇಳಿದ. ಮಾಸ್ತರು ಅದನ್ನು ಬರೆದಿರಲಿಲ್ಲ.

ಎರಡು ವರ್ಷವಾದ ಮೇಲೆ ಪತ್ರ ನಿಂತವು. ಮಾಸ್ತರು ಹೋದ ಸುದ್ದಿ ನನಗೆ ಮುಟ್ಟಿದ್ದೇ ತಿಂಗಳ ನಂತರ. ರಜೆ ಸಿಕ್ಕಾಗ ಅಕ್ಕಲಕೋಟೆಗೆ ಹೋದೆ. ಕಾಕು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು. ಎದುರಿಗೆ ಕೂತು ನಾನೂ ಸುಲಿಯಲು ಹತ್ತಿದೆ. ಮಾಸ್ತರು ತಿದ್ದದೆ ಬಿಟ್ಟ ಒಂದೇ ತಪ್ಪು ಈ ಮನೆಯಲ್ಲಿತ್ತು. ಅದು ಗೊತ್ತಿದ್ದವನು ನಾನೊಬ್ಬನೇ. ಸುಮ್ಮನಿರು ಎಂದು ಅವರು ಹೇಳಿದ್ದರು. ಗೊತ್ತಾದ ಮೇಲೆ ಬಿಡಬಾರದು ಎಂದವರೂ ಅವರೇ. ಕೊನೆಗೆ, "ಕಾಕು, ಆ ಉಡಿದು ಒಂದು ಮಾತದ್ರಿ" ಅಂದೆ.

"ಗುಡಿ ಖಾಲಿ ಅದ, ಅದನ್ನೇ ಹೇಳ್ತಿ ಹೌದಿಲ್ಲೋ ತಮ್ಮಾ?"

ನನ್ನ ಕೈ ನಿಂತಿತು. ಅವರು ಸುಲಿಯುತ್ತಲೇ ಇದ್ದರು.

"ಸೊಲ್ಲಾಪುರದಾಗ ಮನಿ ಮನಿಗಿ ಹೋಗಿ ಹೇಳಿ ಬಂದಾರ. ನನಗ ಗೊತ್ತಾಗದ ಇರತದೇನು? ಬೋರಾಮಣಿ ಹುಡುಗ ಜ್ವಾಳಾ ಕೊಡಾಕ ಬಂದಾಗೇ ಹೇಳ್ಯಾನ."

ಹಾಗಾದರೆ ಮಾಸ್ತರನ್ನು ಕೇಳಲಿಲ್ಲವೇ ಅಂದೆ.

"ಕೇಳಿದ್ದರ ತಿದ್ದತಿದ್ದರು. ತಿದ್ದಿ ಆಮ್ಯಾಲ ಅವರಿಗಿ ನಿದ್ದಿ ಬರ್ತಿರಲಿಲ್ಲ. ತಂಗಿ ಮನಿಗಿ ಹೋಗತೀನಿ ಅಂತ ಹೇಳಿ ತುಳಜಾಪುರಕ್ಕ ಹೋಗಿ ಆ ವರ್ಷದ್ದು ತುಂಬಿ ಬಂದೆ. ಅವರೂ ಸುಮ್ಮಕಿದ್ದರು, ನಾನೂ ಸುಮ್ಮಕಿದ್ದೆ. ನಡೀತು."

ಆಮೇಲೆ ಎಲ್ಲ ವಿಚಾರಿಸಿದರು. ಖಣ ಯಾರಿಗೆ ಮುಟ್ಟಿತು, ಉಡಿ ಯಾರು ತುಂಬಿದರು, ಆಕೆಗೆ ಮಕ್ಕಳೆಷ್ಟು, ಅತ್ತೆ ಚೆನ್ನಾಗಿ ನಡೆಸಿಕೊಳ್ಳುತ್ತಾಳೋ ಇಲ್ಲವೋ, ನಮಗೆ ಉಣ್ಣಲಿಕ್ಕೆ ಏನು ಹಾಕಿದಳು. ಅಕ್ಕಿ ತುಂಬಿದ ಟೊಮ್ಯಾಟೊ ಹೇಗೆ ಮಾಡುತ್ತಾರೆಂದು ಎರಡು ಸಲ ಕೇಳಿದರು. ನಾನು ಏಳುವಾಗ ಒಳಗೆ ಹೋಗಿ ಟ್ರಂಕಿನಿಂದ ಒಂದು ಕೆಂಪು ಖಣ ತಂದರು. ಮೇಲೆ ಒಂದು ಕಾಯಿ, ಒಂದು ಹಿಡಿ ಅಕ್ಕಿ. ಅವರ ಬರಿ ಹಣೆಯ ಕಡೆ ನನ್ನ ಕಣ್ಣು ಹೋದದ್ದನ್ನು ಅವರು ನೋಡಿದರು.

"ದೇವಿಗಲ್ಲ, ಆಕಿಗಿ ಕೊಡು. ಗಂಡ ಇಲ್ಲದ ಆಕಿ ಅತ್ತಿನೇ ತುಂಬ್ಯಾಳಂದ ಮ್ಯಾಲ, ನಾ ಕಳಿಸಿದ್ದು ನಡೀತದ."

ಅಥೆನ್ಸಿಗೆ ತಿರುಗಿ ಹೋದ ಮೇಲೆ ಮೊದಲನೇ ರವಿವಾರ ಕಾವಲುಗಾರನ ಮನೆಗೆ ಹೋದೆ. ಹಸಿರು ಖಣ ಮೇಜಿನ ಮೇಲೆ ರೊಟ್ಟಿಯ ಬುಟ್ಟಿಗೆ ಹೊದಿಸಿದ್ದರು. ಒಗೆದು ಒಗೆದು ಬಣ್ಣ ಇಳಿದಿತ್ತು. ಮಾಸ್ತರು ತೀರಿಕೊಂಡದ್ದನ್ನು ಹೇಳಿದೆ. ಕಾವಲುಗಾರ ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡ. ನಾನು ಚೀಲಕ್ಕೆ ಕೈ ಹಾಕಿದೆ. ಅದರಲ್ಲಿ ಏನಿದೆ ಎಂದು ನಾನು ಇನ್ನೂ ಹೇಳಿರಲಿಲ್ಲ. ಆತನ ಹೆಂಡತಿ ಒಳಗಿದ್ದ ಅತ್ತೆಯನ್ನು ಕೂಗಿ ಕರೆದು, ಕೈಯೊರಸಿಕೊಂಡು ಬಂದು, ಏಪ್ರನ್ನಿನ ಅಂಚು ಎತ್ತಿ ಹಿಡಿದು ನನ್ನೆದುರಿಗೆ ನಿಂತಳು.