ಎಡಗಡೆಯ ಪೀಠ

ಲೆಬನಾನಿನ ನಮ್ಮ ಬೆಟ್ಟದೂರಿನಲ್ಲಿ ನೂಹ್ರಾ ಎಂಬ ಕ್ಷೌರಿಕನಿದ್ದ. ಆರು ದಿನ ಊರವರ ಗಡ್ಡ ಹೆರೆಯುವುದು, ಭಾನುವಾರ ಇಗರ್ಜಿಯಲ್ಲಿ ಬಲಗಡೆಯ ಪುಸ್ತಕಪೀಠದ ಮುಂದೆ ನಿಂತು ಸುರಿಯಾನಿ ಎಂಬ ಹಳೆಯ ಪೂಜಾಭಾಷೆಯಲ್ಲಿ ಹಾಡುವುದು. ಎಡಗಡೆಯ ಪೀಠ ಎಣ್ಣೆಗಾಣದ ಸರ್ಕೀಸನದು. ಹಳೆಯ ಪೂಜೆಯ ಕಟ್ಟಳೆಯೇ ಹಾಗೆ: ಒಂದು ನುಡಿ ಬಲದವರದು, ಮರುನುಡಿ ಎಡದವರದು. ಒಬ್ಬರ ನುಡಿ ಇನ್ನೊಬ್ಬರು ಮುಟ್ಟುವಂತಿಲ್ಲ.

ಸರ್ಕೀಸನದೊಂದು ಚಾಳಿ. ಕೊನೆಯ ಸ್ವರವನ್ನು ಉಸಿರು ತೀರುವವರೆಗೂ ಎಳೆಯುತ್ತಿದ್ದ. ಪೂಜೆ ಮುಗಿದರೆ ಅಂಗಳದಲ್ಲಿ ಜಗಳ.

"ಲೋ ಸರ್ಕೀಸ, ನೀನು ಎಳೆದು ಮುಗಿಸೋದ್ರೊಳಗೆ ನಂಗೆ ಇನ್ನೊಂದ್ಸಲ ಗಡ್ಡ ಬೆಳೀತದಲ್ಲೋ!"

"ಬೆಳೀಲಿ ಬಿಡು. ಹೆಂಗೂ ಗಿರಾಕಿ ಇಲ್ಲ, ನಿಂದೇ ಹೆರ್ಕೋ!"

ನಲವತ್ತು ವರ್ಷ ಇದೇ ಮಾತು, ಇದೇ ನಗು.

ಆಮೇಲೆ ಅಬೂನಾ ರೂಕುಸ್ ಎಂಬ ಹೊಸ ಗುರುಗಳು ಬಂದರು. ಪೂಜೆಯೆಲ್ಲ ಊರವರ ಆಡುಮಾತಾದ ಅರಬ್ಬಿಯಾಯಿತು. ಹಾಡಿನ ಸಾಲು ಪರದೆಯ ಮೇಲೆ ಮೂಡಿತು, ಹುಡುಗಿಯೊಬ್ಬಳ ಕೀಬೋರ್ಡು ಬಂತು, ಪೀಠಗಳೆರಡೂ ಮೂಲೆ ಸೇರಿದವು. ಜನರಿಗೇನೋ ಹಿಡಿಸಿತು. ಆ ಚಳಿಗಾಲ ಸರ್ಕೀಸ ತೀರಿಕೊಂಡ.

"ಅವನ ನಲವತ್ತನೇ ದಿನದ ಪೂಜೇಲಿ ಒಂದೇ ಒಂದು ಹಾಡು ಹಳೇ ಥರ ಆಗ್ಲಿ, ಅಬೂನಾ," ಎಂದು ನೂಹ್ರಾ ಗುರುಗಳನ್ನು ಕೇಳಿದ.

"ಹಾಡಿ ಮಾಮ, ಯಾರು ಬೇಡಾಂದ್ರು? ಆದ್ರೆ ಎಡಗಡೆ ನಿಲ್ಲೋರು ಯಾರು?"

ಸೋಪು ಹಚ್ಚಿಸಿಕೊಂಡ ಪ್ರತಿಯೊಬ್ಬನನ್ನೂ ನೂಹ್ರಾ ಕೇಳಿದ. "ಅರ್ಥ ಆಗದ್ದನ್ನ ಹೆಂಗ್ ಹಾಡೋದು ಮಾಮ?" ಎಂದರು. ಸರ್ಕೀಸನ ಹೆಂಡತಿ ವರ್ದೆಯೂ ಮೆಲ್ಲಗೆ ಹೇಳಿದಳು: "ಬೇಜಾರ್ ಮಾಡ್ಕೋಬೇಡಿ ಅಣ್ಣ. ಅರಬ್ಬಿ ಬಂದ್ಮೇಲೇನೇ ದೇವರ ಹತ್ರ ನಾವೇನ್ ಕೇಳ್ತಿದೀವಿ ಅಂತ ನಂಗೆ ತಿಳಿದದ್ದು."

ನಲವತ್ತನೆಯ ದಿನ ಬೆಳಿಗ್ಗೆ ನೂಹ್ರಾ ತಾನೇ ಎರಡೂ ಪೀಠಗಳನ್ನು ಎಳೆದು ಹಳೆಯ ಜಾಗದಲ್ಲಿಟ್ಟ. ಪೂಜೆಯ ನಡುವೆ ಬಲಕ್ಕೆ ನಿಂತು ಮೊದಲ ನುಡಿ ಹಾಡಿದ. ನಿಲ್ಲಿಸಿದ.

"ಮರೆತ್ರಾ ಮಾಮ?" ಗುರುಗಳು ಪಿಸುಗುಟ್ಟಿದರು. ಪಾಪ, ಕಾಪಾಡೋಣವೆಂದು ಹುಡುಗಿ ಕೀಬೋರ್ಡಿನ ಮೇಲೆ ಬೆರಳಿಟ್ಟಳು.

ಮರೆತಿರಲಿಲ್ಲ. ಅದು ಸರ್ಕೀಸನ ಸರದಿ.

ನೂಹ್ರಾ ಕೈಯೆತ್ತಿ ಅವಳನ್ನು ತಡೆದ. ಬಲಿಪೀಠದ ಮುಂದೆ ಮಂಡಿ ಬಾಗಿಸಿ, ನಿಧಾನವಾಗಿ ಎಡಗಡೆಗೆ ದಾಟಿದ. ಎಂದೂ ಬಾಯಿಗೆ ತಾರದ ಮರುನುಡಿಯನ್ನು ಹಾಡಿದ. ಕೊನೆಯ ಸ್ವರ ಬಂದಾಗ ಎಳೆದ, ಎಳೆದ, ಉಸಿರು ತೀರುವವರೆಗೂ ಎಳೆದ. ವರ್ದೆ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡಳು.

ಎಂಟು ನುಡಿಯ ಹಾಡು. ಏಳು ಸಲ ದಾಟಿದ.

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಎಲ್ಲರೂ ಅವನ ಕೈ ಹಿಡಿದು ಹೊಗಳಿದರು. ಎಳೆದದ್ದು ಹೆಚ್ಚಾಯಿತೆಂದು ಬಯ್ಯುವವರು ಮಾತ್ರ ಒಬ್ಬರೂ ಇರಲಿಲ್ಲ.