ಕುಷ್ಟಗಿಯಲ್ಲಿ ಕರೆಯುವುದನ್ನು ಕಲಿತೆ

ಕುಷ್ಟಗಿಗೆ ಬಂದ ಮರುದಿನ ಬೆಳಿಗ್ಗೆ ನಾನು ಒಲೆಯ ಮುಂದೆ ನಿಂತಿದ್ದೆ. ಪಕ್ಕದಲ್ಲಿ ಬಳೆಗಳ ಸದ್ದಾಯಿತು. ತಿರುಗಿ ನೋಡಿದರೆ, ಗುರುತು ಪರಿಚಯವಿಲ್ಲದ ಹೆಂಗಸೊಬ್ಬರು ನನ್ನ ಸಾರಿನ ಪಾತ್ರೆಯ ಮುಚ್ಚಳ ಎತ್ತಿ ಇಣುಕುತ್ತಿದ್ದಾರೆ.

“ಏನ್ ಸಾರ್ರಿ ಅಕ್ಕಾರ ಇದು? ಬರೇ ನೀರ ಕಾಣಸ್ತೈತಿ.”

ಅವರು ಪಕ್ಕದ ಮನೆಯ ನೀಲವ್ವ. ಬಾಗಿಲು ತಟ್ಟಿರಲಿಲ್ಲ, ಹೊರಗೆ ನಿಂತು ಕೂಗಿರಲೂ ಇಲ್ಲ. ನಮ್ಮ ಮಂಡ್ಯದ ಕಡೆ ಎಷ್ಟೇ ಬಳಕೆಯಿದ್ದರೂ ‘ಇದ್ದೀರಾ’ ಎಂದು ಕೇಳಿಯೇ ಒಳಗೆ ಬರುತ್ತೇವಲ್ಲವೇ? ನನಗೆ ಮೈಯೆಲ್ಲ ಉರಿಯಿತು. ಅವರು ಹೋದದ್ದೇ ತಡ, ಅಗಳಿ ಹಾಕಿಕೊಂಡೆ. ಮಧ್ಯಾಹ್ನ ಅದೇ ನೀಲವ್ವ ಬಾಗಿಲು ಬಡಿದು, “ಹಗಲೊತ್ತಿನ್ಯಾಗ ಯಾಕ ಬಾಗಲಾ ಹಾಕೀರ್ರಿ? ಆರಾಮಿಲ್ಲೇನು?” ಎಂದು ಗಾಬರಿಯಿಂದ ಕೇಳಿದರು. ಇಲ್ಲಿ ಹಗಲು ಮುಚ್ಚಿದ ಬಾಗಿಲೆಂದರೆ ಒಳಗೆ ಯಾರಿಗೋ ಕಾಯಿಲೆ ಎಂದು ಅರ್ಥ.

ಕೊಪ್ಪಳ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ ಅದು. ಯಜಮಾನರಿಗೆ ಕುಷ್ಟಗಿಯ ಕಾಲೇಜಿಗೆ ವರ್ಗವಾಗಿತ್ತು. ಅವರಿಗೇನು, ಬೆಳಿಗ್ಗೆ ಹೋದರೆ ಮಾತಾಡಲು ಹುಡುಗರಿದ್ದರು. ನನಗೆ ಉಪ್ಪುನೀರು, ಕಾದ ಮಾಳಿಗೆ, ಅರ್ಧಂಬರ್ಧ ಅರ್ಥವಾಗುವ ಮಾತು. ಅದೂ ಕನ್ನಡವೇ, ಆದರೆ ಅದರ ಓಟಕ್ಕೆ ನನ್ನ ಕಿವಿ ಸಾಲುತ್ತಿರಲಿಲ್ಲ. ಊರಿನಿಂದ ತಂದಿದ್ದ ರಾಗಿ ಹಿಟ್ಟಿನಲ್ಲಿ ಮುದ್ದೆ ಮಾಡಿದರೆ ನೀಲವ್ವ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಇದನ್ನ ಕಡೀತೀರೋ, ನುಂಗ್ತೀರೋ?” ಎಂದರು. ನುಂಗುತ್ತೇವೆ ಎಂದದ್ದಕ್ಕೆ ಅವರು ಕೆನ್ನೆಗೆ ಕೈ ಇಟ್ಟುಕೊಂಡರು.

ಒಂದು ಸಂಜೆ ನಾನು ಅತ್ತೇಬಿಟ್ಟೆ. ಯಜಮಾನರು, “ದಸರೆಯ ತನಕ ನೋಡು. ಆಗಲ್ಲ ಅನ್ನಿಸಿದರೆ ನಿಮ್ಮಮ್ಮನ ಮನೆಗೆ ಬಿಟ್ಟು ಬರುತ್ತೇನೆ. ವರ್ಗ ಆಗುವವರೆಗೆ ನಾನೊಬ್ಬನೇ ಇರುತ್ತೇನೆ” ಎಂದರು. ಮದುವೆಯಾದ ಹೊಸತು, ಅವರನ್ನು ಬಿಟ್ಟಿರುವ ಮನಸ್ಸೂ ಇಲ್ಲ, ಇಲ್ಲಿ ಇರುವ ಧೈರ್ಯವೂ ಇಲ್ಲ. ಪೆಟ್ಟಿಗೆಯಿಂದ ಅರ್ಧ ಸೀರೆಗಳನ್ನು ನಾನು ಹೊರಗೇ ತೆಗೆದಿರಲಿಲ್ಲ.

ಅಷ್ಟರಲ್ಲಿ ಓಣಿಯ ಮಹಿಳಾ ಮಂಡಳಿಗೆ ನನ್ನನ್ನು ಕಾರ್ಯದರ್ಶಿ ಮಾಡಿದರು. ಮೊದಲಿದ್ದ ಟೀಚರು ಬೇರೆ ಊರಿಗೆ ಹೋಗಿದ್ದರು. “ನೀವು ಓದಿದಾರು, ನೀವ ಆಗ್ರಿ” ಎಂದರು ನೀಲವ್ವ. ಗುಡಿಯ ಪೌಳಿಯಲ್ಲಿ ಕೂತು ಹಳೆಯ ಸೀರೆಗಳಿಂದ ಕೌದಿ ಹೊಲಿಯುವುದು, ಹಾಡು ಹೇಳುವುದು, ಯಾವಾಗಲಾದರೂ ಆಸ್ಪತ್ರೆಯ ಸಿಸ್ಟರು ಬಂದರೆ ನಾಲ್ಕು ಮಾತು ಕೇಳುವುದು, ಇಷ್ಟು ಮಂಡಳಿಯ ಕೆಲಸ. ನನಗೆ ಹುರುಪು ಬಂತು. ಗುಡಿಯ ಗೋಡೆಯ ಕಪ್ಪು ಹಲಗೆಯ ಮೇಲೆ ದುಂಡಗಿನ ಅಕ್ಷರದಲ್ಲಿ ಸಭೆಯ ದಿನ, ಹೊತ್ತು ಬರೆದು, ಕೆಳಗೊಂದು ಹೂವನ್ನೂ ಬಿಡಿಸಿದೆ.

ಗುರುವಾರ ಜಮಖಾನ ಹಾಸಿಕೊಂಡು ಕೂತೆ. ಒಬ್ಬರೂ ಬರಲಿಲ್ಲ. ಒಂದು ಮೇಕೆ ಬಂದು ಜಮಖಾನದ ಅಂಚನ್ನು ಮೂಸಿ, ಅದೂ ಹೊರಟುಹೋಯಿತು. ನನ್ನನ್ನು ಬೇಡವೆನ್ನಲು ಎಲ್ಲರೂ ಸೇರಿ ಹೂಡಿದ ಆಟ ಎಂದೇ ನಂಬಿದೆ. ಮನೆಗೆ ಬಂದು ಉಳಿದ ಸೀರೆಗಳನ್ನೂ ಪೆಟ್ಟಿಗೆಗೆ ತುಂಬುತ್ತಿದ್ದಾಗ ನೀಲವ್ವ ಎಂದಿನಂತೆ ಕೇಳದೆಯೇ ಒಳಗೆ ಬಂದರು.

“ಸಭಾ ಐತಿ ಅಂದಿದ್ರಿ, ಯಾಕ ಮಾಡ್ಲಿಲ್ರಿ?”

“ಯಾರೂ ಬರಲಿಲ್ಲವಲ್ಲ!”

“ನೀವು ಕರದಿಲ್ಲಲ್ರಿ.”

“ಹಲಗೆ ಮೇಲೆ ಬರೆದಿದ್ದೆ.”

“ಗ್ವಾಡಿ ಕರದ್ರ ಯಾರ್ ಬರ್ತಾರ್ರಿ ಅಕ್ಕಾರ? ಮನಿಮನಿಗೆ ಹೋಗಿ, ಕುಂಕುಮ ಹಚ್ಚಿ, ‘ಬರ್ರಿ’ ಅನ್ನಬೇಕು. ಎಲ್ಲಾರೂ ದಾರಿ ನೋಡ್ಕೋತ ಕುಂತಿದ್ರು. ಹೊಸಾ ಅಕ್ಕಾರಿಗೆ ಭಾಳ ಸೊಕ್ಕು ಅಂತ ಮಾತಾಡಾಕತ್ತಾರ.”

ನಾನು ಅವರ ಮೇಲೆ ಮುನಿಸಿಕೊಂಡು ಕೂತಿದ್ದರೆ, ಅವರು ನನ್ನ ಮೇಲೆ ಮುನಿಸಿಕೊಂಡು ಕೂತಿದ್ದರು. ನಗು ತಡೆಯಲಾಗಲಿಲ್ಲ.

ಮರುದಿನ ಕುಂಕುಮದ ಬಟ್ಟಲು ಹಿಡಿದು ಹೊರಟೆ. ಕರೆಯುವುದು ಅಷ್ಟು ಸಲೀಸಲ್ಲ. ಹೊಸ್ತಿಲಲ್ಲೇ ಹೇಳಿ ತಿರುಗುವಂತಿಲ್ಲ. ಕೂರಬೇಕು, ಸೊಸೆಗೆ ಯಾವ ತಿಂಗಳು, ಎಮ್ಮೆ ಹಾಲು ಎಷ್ಟು ಎಂದು ಕೇಳಬೇಕು, ಚಹಾ ಕುಡಿಯಬೇಕು. ಮೊದಲ ಮನೆಯಲ್ಲಿ ಬೇಡ ಎಂದೆ. ಆ ಸುದ್ದಿ ನನಗಿಂತ ಮೊದಲೇ ಎರಡನೆಯ ಮನೆ ಮುಟ್ಟಿತ್ತು. ಆಮೇಲೆ ತೆಪ್ಪಗೆ ಬಸಿಗೆ, ಎಂದರೆ ಸಾಸರಿಗೆ, ಸುರಿದುಕೊಟ್ಟದ್ದನ್ನೆಲ್ಲ ಕುಡಿದೆ. ಓಣಿಯ ತುದಿ ಮುಟ್ಟುವಾಗ ಹೊಟ್ಟೆಯೊಳಗೆ ಚಹಾ ಕುಲುಕುತ್ತಿತ್ತು.

ಮುಂದಿನ ಗುರುವಾರ ಪೌಳಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೀಲವ್ವನ ಒತ್ತಾಯಕ್ಕೆ ಮುದ್ದೆ ಮಾಡಿ ತಂದಿದ್ದೆ. ನುಂಗಲು ಹೋಗಿ ಕೆಲವರು ಕೆಮ್ಮಿದರು, ಒಬ್ಬ ಅಜ್ಜಿ ಮಾತ್ರ ಹಲ್ಲಿಲ್ಲದ ಬಾಯಲ್ಲಿ ಸಲೀಸಾಗಿ ನುಂಗಿ, “ಛಲೋ ಐತಿ, ಇಷ್ಟ್ ವರ್ಷ ರೊಟ್ಟಿ ತಿಂದು ಕೆಟ್ಟೆ” ಎಂದಳು. ದಸರೆ ಬಂತು, ಹೋಯಿತು. ಊರಿಗೆ ಹೋಗುವ ಮಾತು ಯಾರೂ ಎತ್ತಲಿಲ್ಲ. ಖಾಲಿ ಪೆಟ್ಟಿಗೆ ಅಟ್ಟ ಸೇರಿತು.

ಕೆಲವು ವರ್ಷಗಳ ಮೇಲೆ ಯಜಮಾನರಿಗೆ ಮಂಡ್ಯಕ್ಕೇ ವರ್ಗವಾಯಿತು. ಹೊರಡುವ ದಿನ ಮಂಡಳಿಯವರೆಲ್ಲ ಬಂದು ನನ್ನ ಉಡಿ ತುಂಬಿದರು. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ. “ಪಂಚಮಿಗೆ ಕರಿಯಾಕ ಬರ್ತೀನಿ” ಎಂದರು ನೀಲವ್ವ. ಆ ಕಡೆ ಹೆಣ್ಣುಮಕ್ಕಳನ್ನು ತವರಿನವರು ನಾಗರಪಂಚಮಿಗೆ ಕರೆದೊಯ್ಯುತ್ತಾರೆ. ಬಾಯಿಮಾತಿಗೆ ಹೇಳಿದ್ದೆಂದು ನಾನು ಹೂಂಗುಟ್ಟಿದೆ.

ಶ್ರಾವಣದಲ್ಲಿ ಅಮ್ಮನ ಮನೆಯಲ್ಲಿದ್ದೆ. ಒಂದು ಬೆಳಿಗ್ಗೆ ನೀಲವ್ವ ಒಳಗೇ ಬಂದು ನಿಂತರು. ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದ ಮುಖ, ಕೈಯಲ್ಲಿ ಶೇಂಗಾ ಉಂಡಿಯ ಡಬ್ಬಿ.

ಅಮ್ಮ ಪೇಚಾಡಿಕೊಂಡಳು. “ಇಷ್ಟು ದೂರ ಯಾಕೆ ಬರೋಕೆ ಹೋದ್ರಿ? ಒಂದು ಫೋನ್ ಮಾಡಿದ್ರೆ ಕಳಿಸ್ತಿದ್ವಲ್ಲ.”

“ಮನಿ ಮಗಳನ್ನ ಫೋನಿನ್ಯಾಗ ಕರೀತಾರೇನ್ರಿ ಅವ್ವಾರ?”

ಅಮ್ಮ ನನ್ನ ಮುಖ ನೋಡಿದಳು. ಒಳಗೆ ಹೋಗಿ ಅಕ್ಕಿ, ಕೊಬ್ಬರಿ ತಂದು, ಗಂಡನ ಮನೆಗೆ ಕಳಿಸುವಾಗ ಮಾಡುವಂತೆ ನನಗೆ ಮಡಿಲು ತುಂಬಿದಳು. ಬಸ್‌ಸ್ಟ್ಯಾಂಡಿನವರೆಗೂ ಬಂದಳು. ಬಸ್ಸು ಹೊರಟಾಗ ಅವಳು ಕಣ್ಣೊರೆಸಿಕೊಂಡದ್ದು ಕಂಡು ನನಗೂ ಅಳು ಬಂತು.

ಪಕ್ಕದಲ್ಲಿ ಕೂತಿದ್ದ ನೀಲವ್ವ ಬೆನ್ನು ಸವರಿ ಸಮಾಧಾನ ಮಾಡಿದರು. “ಅಳಬ್ಯಾಡ್ರಿ ಅಕ್ಕಾರ. ತವರಮನಿಗೆ ಹೊಂಟೀರಿ.”