ನೂರ ಎಂಬತ್ತೊಂದನೆಯ ದಿನ

ಕೃತಕ ಕಾಲು ತಯಾರಿಸುವ ಆ ಕಾರ್ಖಾನೆಯಲ್ಲಿ ಅವನಿಗೆ ‘ಆರ್ತಿಂಗಳು’ ಎಂದು ಅಡ್ಡಹೆಸರು. ಇಟ್ಟವರು ಅವನ ಭಾವ, ಅಂದರೆ ಅಕ್ಕನ ಗಂಡ, ಅಂದರೆ ಮಾಲೀಕರು. ಆ ಹೆಸರಿಗೆ ಕಾರಣವೂ ಅವರೇ. ರೋಗಿಗಳ ಅಳತೆಗಳನ್ನು ಇಡುವ ಡೇಟಾಬೇಸ್ ಸರ್ವರ್ ತಂತ್ರಾಂಶವನ್ನು ಭಾವ ಕೊಂಡಿರಲಿಲ್ಲ. ಪುಕ್ಕಟೆ ಸಿಗುವ ಟ್ರಯಲ್ ಆವೃತ್ತಿಯಲ್ಲೇ ಕಾಲ ತಳ್ಳುತ್ತಿದ್ದರು. ಟ್ರಯಲ್‌ಗೆ ನೂರ ಎಂಬತ್ತು ದಿನದ ಆಯುಸ್ಸು. ಆಮೇಲೆ ಸರ್ವರ್ ಏಳುವುದಿಲ್ಲ. ಹಾಗಾಗಬಾರದೆಂದು ಇವನು ಆರು ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಏಳಕ್ಕೆ ಬಂದು, ಅಳತೆಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ, ಕಂಪ್ಯೂಟರನ್ನು ಪೂರ್ತಿ ಅಳಿಸಿ, ಹೊಸದಾಗಿ ಟ್ರಯಲ್ ಹಾಕಿ, ಅಳತೆಗಳನ್ನು ಮತ್ತೆ ತುಂಬಿಸಿ, ನೂರು ರೋಗಿಗಳನ್ನು ಹೆಕ್ಕಿ ತಾಳೆ ನೋಡಿ, ಸಂಜೆ ಆರಕ್ಕೆ ಮನೆಗೆ ಹೋಗುತ್ತಿದ್ದ. ಐದು ವರ್ಷದಲ್ಲಿ ಹತ್ತು ಭಾನುವಾರ. ಹನ್ನೊಂದು ಸಾವಿರ ಕಾಲುಗಳಲ್ಲಿ ಒಂದರ ಅಳತೆಯೂ ಮಿಲಿಮೀಟರಿನಷ್ಟು ಆಚೀಚೆ ಆಗಿರಲಿಲ್ಲ.

ಇದನ್ನು ಯಾರೂ ಒಂದು ಮಾತು ಹೊಗಳಲಿಲ್ಲ. “ವರ್ಷಕ್ಕೆ ಎರಡು ದಿನ ಕೆಲಸ, ಮಿಕ್ಕಿದ್ದು ಅಕ್ಕನ ಕೃಪೆ,” ಎಂದು ಪ್ಲಾಸ್ಟರ್ ಮೇಸ್ತ್ರಿ ಅವನೆದುರೇ ಹೇಳುತ್ತಿದ್ದ. ಇವನು ಎಲ್ಲರ ಜೊತೆ ತಾನೂ ನಗುತ್ತಿದ್ದ.

ಈ ವರ್ಷ ಒಂದು ನೆರವಿನ ಸಂಸ್ಥೆ ಇನ್ನೂರು ಕಾಲುಗಳನ್ನು ಕೇಳಿತು. ಜೊತೆಗೊಂದು ಷರತ್ತು: ಬಳಸುವ ತಂತ್ರಾಂಶವೆಲ್ಲ ಕೊಂಡದ್ದೇ ಆಗಿರಬೇಕು. ಭಾವ ಗೊಣಗುತ್ತಲೇ ಕೊಂಡರು. ಆ ಮಧ್ಯಾಹ್ನ ಊಟದ ಮೇಜಿನ ಬಳಿ ಎಲ್ಲರೂ ಇರುವಾಗಲೇ ಶುರುಮಾಡಿದರು.

“ಒಂದ್ಸಲ ಲೈಸೆನ್ಸ್ ಕೀ ಹಾಕಿದ್ರೆ ಮುಗೀತಂತೆ ಕಣೋ. ಇನ್ನು ನಿನ್ನ ಭಾನುವಾರಾನೂ ಇಲ್ಲ, ನೀನೂ ಬೇಡ. ಕಂಪ್ಯೂಟರ್ ಮಗಳು ನೋಡ್ಕೋತಾಳೆ. ನೀನು ಸ್ಟೋರಲ್ಲಿ ತಿರುಪು, ಬೆಲ್ಟು ಎಣಿಸ್ಕೊಂಡಿರು.”

“ಎಣಿಸೋಕೆ ಬರುತ್ತಾ, ಮೊದ್ಲು ಅದನ್ನ ಕೇಳಿ ಸಾರ್,” ಎಂದ ಮೇಸ್ತ್ರಿ.

ಎಲ್ಲರೂ ನಕ್ಕರು. ಅಕ್ಕನ ಮಗಳು ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆ ಸಲ ಅವನಿಗೆ ನಗು ಬರಲಿಲ್ಲ.

ಮರುದಿನ ಕೀ ಅವನ ಮೇಲ್‌ಗೇ ಬಂತು. ಇಪ್ಪತ್ತೈದು ಅಕ್ಷರ. ಕೆಲಸ ಎಷ್ಟೆಂದು ಅವನಿಗೆ ಗೊತ್ತಿತ್ತು: ಸೆಟಪ್ ತೆರೆದು, ಆವೃತ್ತಿ ಮೇಲೇರಿಸುವ ಆಯ್ಕೆ ಒತ್ತಿ, ಕೀ ತುಂಬಿ, ಕಾಯುವುದು. ಅಳತೆಗಳಿಗೆ ಕೈಯೂ ತಾಗುವುದಿಲ್ಲ. ಅವಧಿ ಮುಗಿದು ನಿಂತುಹೋದ ಸರ್ವರ್ ಕೂಡ ಇಷ್ಟರಿಂದಲೇ ಏಳುತ್ತದೆ. ಹತ್ತು ನಿಮಿಷ. ಅವನು ಮಾಡಲಿಲ್ಲ. ನೂರ ಎಂಬತ್ತನೆಯ ದಿನ ಗುರುವಾರ ಬರುವುದಿತ್ತು. ಬರಲಿ ಎಂದು ಬಿಟ್ಟ.

ಶುಕ್ರವಾರ ಬೆಳಿಗ್ಗೆ ಸರ್ವರ್ ಏಳಲಿಲ್ಲ. ಅದೇ ಬೆಳಿಗ್ಗೆ ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಎರಡು ಗಂಟೆ ಪ್ರಯಾಣ ಮಾಡಿ ಬಂದು ಬೆಂಚಿನ ಮೇಲೆ ಕೂತಿದ್ದರು. ಸಕ್ಕರೆ ಕಾಯಿಲೆಗೆ ಮೊಣಕಾಲಿನ ಕೆಳಗೆ ಕತ್ತರಿಸಿದ ಕಾಲು. ಮೊಂಡು ಕೂರುವ ಬಟ್ಟಲು ಬಿರುಕು ಬಿಟ್ಟಿತ್ತು. ಅಳತೆ ಸಿಕ್ಕರೆ ಯಂತ್ರ ಹೊಸ ಅಚ್ಚು ಕೊರೆಯುತ್ತದೆ, ಸಂಜೆಯ ಬಸ್ಸಿಗೆ ಅವರು ನಡೆದೇ ಹೋಗಬಹುದು.

“ದಿನ ಲೆಕ್ಕ ತಪ್ಪಿಹೋಯ್ತು ಭಾವ,” ಎಂದ ಇವನು. “ಸತ್ತ ಸರ್ವರ್ ಎಬ್ಬಿಸೋದು ಮಕ್ಕಳಾಟ ಅಲ್ಲ. ಅಳತೆ ಪೂರ್ತಿ ಹೋದ್ರೂ ಹೋಯ್ತು.”

“ಹಾಗನ್ಬೇಡ್ವೋ! ಏನಾದ್ರೂ ಮಾಡು, ಕೈ ಮುಗೀತೀನಿ.”

“ತಿರುಪು ಎಣಿಸೋನು ಏನ್ ಮಾಡ್ಲಿ?”

ಭಾವನ ಮುಖ ಕೆಂಪಾಯಿತು. ಎಲ್ಲರೂ ನೋಡುತ್ತಿದ್ದರು. “ಆಯ್ತಪ್ಪ, ನಿನ್ನ ಜಾಗ ನಿಂದೇ. ಎಲ್ಲರೆದುರು ಮಾತು ಕೊಡ್ತಿದೀನಿ. ಹೋಗು.”

ಅವನು ಕಂಪ್ಯೂಟರ್ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡ. ಕೀ ತುಂಬಿದ, ಹತ್ತೇ ನಿಮಿಷದಲ್ಲಿ ಸರ್ವರ್ ಎದ್ದಿತು. ಕಂಡಕ್ಟರ್ ಅವರ ಹಾಳೆ ತೆರೆದು ನೋಡಿದ. ಅಳತೆಗಳು ಇದ್ದಲ್ಲೇ ಇದ್ದವು. ಈಗಲೇ ಹೊರಗೆ ಹೋದರೆ ‘ಇಷ್ಟೇನಾ?’ ಎನ್ನುತ್ತಾರೆ. ಅವನು ಕೂತ. ಬಿಸ್ಕತ್ತು ತಿಂದ. ಕೀಬೋರ್ಡಿನ ಸಂದಿಗಳ ಧೂಳನ್ನು ಬ್ರಷ್‌ನಲ್ಲಿ ತೆಗೆದ. ಒಂದು ಗಂಟೆಯ ಹೊತ್ತಿಗೆ ಗೋಡೆಯಾಚೆಯಿಂದ ಒಬ್ಬ ಗಂಡಸು ಕೂಗಿದ್ದು ಕೇಳಿಸಿತು, ಮತ್ತೆ ಇನ್ನೊಮ್ಮೆ. ಅವನು ಬಾಗಿಲು ನೋಡಿದ, ಗಡಿಯಾರ ನೋಡಿದ. ಇನ್ನೊಂದೆರಡು ಗಂಟೆ ಇದ್ದರೆ ಚೆನ್ನ ಅನ್ನಿಸಿತು.

ಹೊರಗೆ ನಡೆದದ್ದು ಇಷ್ಟು. ಅಳತೆ ಹೋಯಿತೆಂದೇ ನಂಬಿದ ಭಾವ, ಕೈಯಿಂದಲೇ ಹೊಸ ಅಚ್ಚು ತೆಗೆಯಲು ಮೇಸ್ತ್ರಿಗೆ ಹೇಳಿದ್ದರು. ಪ್ರಯಾಣದಿಂದ ಮೊಂಡು ಬಾತಿತ್ತು, ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿತ್ತು. ಒಣಗಿದ ಪ್ಲಾಸ್ಟರ್ ಎಳೆದಾಗ ಅಂಗೈ ಅಗಲ ಚರ್ಮ ಅದರ ಜೊತೆಗೇ ಬಂತು. ಇನ್ನು ಗಾಯ ಮಾಯುವ ತನಕ, ಕಡಿಮೆಯೆಂದರೂ ಎರಡು ತಿಂಗಳು, ಆ ಕಾಲಿಗೆ ಯಾವ ಬಟ್ಟಲೂ ಇಲ್ಲ.

ಮೂರು ಗಂಟೆಗೆ ಅವನು ಚಿಲಕ ತೆಗೆದ. “ಉಳೀತು ಭಾವ. ಒಂದೂ ಹೋಗಿಲ್ಲ.” ಭಾವ ಅವನನ್ನು ಅಪ್ಪಿಕೊಂಡರು. ಮೇಸ್ತ್ರಿ ಕೂಡ ಮೊದಲ ಸಲ ಅವನನ್ನು ‘ಸಾರ್’ ಎಂದ.

ಅಕ್ಕನ ಮಗಳು ಸಂಸ್ಥೆಗೆ ಕಳಿಸುವ ಫಾರಂ ತುಂಬಲು ಕಂಪ್ಯೂಟರ್ ಮುಂದೆ ಕೂತಿದ್ದಳು. “ಮಾವ, ಅಪ್‌ಗ್ರೇಡ್ ಎಷ್ಟು ಹೊತ್ತಿಗೆ ಆಯ್ತು ಅಂತ ಕೇಳಿದಾರೆ. ಇರು, ಲಾಗ್‌ನಲ್ಲೇ ಇದೆ.” ಸರ್ವರ್ ತಾನು ಮಾಡಿದ್ದನ್ನೆಲ್ಲ ಸಮಯ ಸಮೇತ ಬರೆದಿಡುತ್ತದೆ ಎಂದು ಅವಳಿಗೆ ಹೇಳಿಕೊಟ್ಟವನು ಇವನೇ. “ಶುರು ಹನ್ನೊಂದು ಐದು. ಮುಗಿದಿದ್ದು ಹನ್ನೊಂದು ಹದಿನಾಲ್ಕು.” ಅವಳು ತಿರುಗಿದಳು. “ಈಗ ಮೂರು ಹತ್ತು. ಅಲ್ಲಿಂದ ಇಲ್ಲೀ ತನಕ ಏನ್ ಮಾಡ್ತಿದ್ದೆ ಮಾವ?”

ಮೇಸ್ತ್ರಿ ಪ್ಲಾಸ್ಟರ್ ಮೆತ್ತಿದ ತನ್ನ ಕೈಗಳನ್ನೇ ನೋಡಿಕೊಂಡ.

ಭಾವ ಕೂಗಾಡಲಿಲ್ಲ. “ಮಾತು ಕೊಟ್ಟಿದೀನಿ, ತಪ್ಪೋದಿಲ್ಲ,” ಎಂದರು. “ಒಳಗೆ ಮಲಗಿರೋರಿಗೆ ಇದೇನೂ ಗೊತ್ತಿಲ್ಲ. ಅವರನ್ನ ಮನೆ ತನಕ ಬಿಟ್ಟು ಬಾ. ಏನ್ ಮಾಡ್ದೆ ಅಂತ ನಿನ್ನ ಬಾಯಿಂದಾನೇ ಅವರಿಗೆ ಹೇಳು. ನಾಳೆ ನಾನು ಫೋನ್ ಮಾಡಿ ಕೇಳ್ತೀನಿ. ನೀನು ಹೇಳ್ದೆ ಅಂತ ಅವರಂದ್ರೆ ನಿನ್ನ ಜಾಗ ನಿಂದೇ. ಇಲ್ಲ ಅಂದ್ರೆ ಈ ಕಡೆ ತಲೆ ಹಾಕ್ಬೇಡ.”

ನಾಲ್ಕರ ಬಸ್ಸಿನಲ್ಲಿ ಕಂಡಕ್ಟರ್ ಕಿಟಕಿಯ ಜಾಗವನ್ನು ಅವನಿಗೇ ಬಿಟ್ಟುಕೊಟ್ಟರು. “ನೀವು ಬೆಳಿಗ್ಗೆಯಿಂದ ಊಟಾನೂ ಮಾಡಿಲ್ವಂತೆ. ನನ್ನಂಥವನಿಗೋಸ್ಕರ ಯಾರು ಇಷ್ಟು ಒದ್ದಾಡ್ತಾರೆ ಸ್ವಾಮಿ?” ಬಸ್ಸು ಕುಲುಕಿದಾಗಲೆಲ್ಲ ಮೊಂಡನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಹಲ್ಲು ಕಚ್ಚುತ್ತಿದ್ದರು, ನೋವು ಇಳಿದ ಮೇಲೆ ಮತ್ತೆ ಹೊಗಳುತ್ತಿದ್ದರು. ಹೀಗೆ ಎರಡು ಗಂಟೆ.

ಅವರ ನಿಲ್ದಾಣಕ್ಕೆ ಎರಡು ನಿಲ್ದಾಣ ಇರುವಾಗ ಅವನು ಹೇಳಿದ. ಒಂದೇ ಉಸಿರಿನಲ್ಲಿ, ಹನ್ನೊಂದು ಹದಿನಾಲ್ಕು, ಚಿಲಕ, ಬಿಸ್ಕತ್ತು, ಎಲ್ಲ. ಹೇಳಿ ಮುಗಿಸಿದವನು ಅಷ್ಟಕ್ಕೇ ನಿಲ್ಲಿಸಬಹುದಿತ್ತು.

“ನಾಳೆ ಭಾವ ಫೋನ್ ಮಾಡ್ತಾರೆ,” ಎಂದ. “ನಾನು ಎಲ್ಲಾ ಹೇಳ್ದೆ ಅಂತ ಒಂದು ಮಾತು ಹೇಳಿಬಿಡಿ ಸ್ವಾಮಿ. ಇಲ್ಲಾಂದ್ರೆ ನನ್ನ ಕೆಲಸ ಹೋಗುತ್ತೆ.”

ಕಂಡಕ್ಟರ್ ಊರುಗೋಲನ್ನು ಕೈಗೆ ತೆಗೆದುಕೊಂಡರು. ನಿಲ್ದಾಣ ಬಂತು. ಅವನು ನೀಡಿದ ಕೈಯನ್ನು ಹಿಡಿಯದೆ ಕಂಬಿ ಹಿಡಿದು, ಊರುಗೋಲು ಊರಿ, ಮೆಟ್ಟಿಲಿಗೊಮ್ಮೆ ನಿಂತು ಇಳಿದರು. ಅವನೂ ಹಿಂದೆಯೇ ಇಳಿದ.

“ಮಾಡ್ಲಿ ಫೋನು. ನೀವು ಏನೂ ಹೇಳ್ಲಿಲ್ಲ ಅಂತೀನಿ.”

“ಈಗ ತಾನೆ ಹೇಳಿದ್ನಲ್ಲ ಸ್ವಾಮಿ!”

“ಕೇಳಿಸ್ಲಿಲ್ಲ. ಮೂವತ್ತು ವರ್ಷ ಬಸ್ಸಿನ ಸದ್ದಲ್ಲಿ ದುಡಿದೋನು ನಾನು, ಕಿವಿ ಮಂದ.”

ಅವರು ರಸ್ತೆ ದಾಟಿ ಊರಿನ ನೇರ ದಾರಿ ಹಿಡಿದರು. ಐದು ಹೆಜ್ಜೆ ಹೋಗಿ ನಿಲ್ಲುತ್ತಿದ್ದರು, ಮತ್ತೆ ಐದು. ವಾಪಸ್ ಬಸ್ಸಿಗೆ ಇನ್ನೂ ನಲವತ್ತು ನಿಮಿಷವಿತ್ತು. ಅಷ್ಟು ಹೊತ್ತೂ ಅವನಿಗೆ ಅವರು ಕಾಣಿಸುತ್ತಲೇ ಇದ್ದರು.